ಸಂಜೆ ನಾಲ್ಕೂವರೆಯ ನಂತರದ ಸರ್ಕಾರಿ ಶಾಲೆ: ಊರಿನ ಸೇವೆಗಳಿಗೆ ಶಾಲೆಯನ್ನು ತೆರೆಯುವ ಸಮಗ್ರ ಮಾರ್ಗದರ್ಶಿ

ಊರಿನ ಶಾಲೆಯ ಖಾಲಿ ಕೊಠಡಿಯಲ್ಲಿ ಸಂಜೆಯ ವಾಚನಾಲಯ ಆರಂಭವಾಗುತ್ತದೆ. ರಿಬ್ಬನ್ ಕತ್ತರಿಸುತ್ತಾರೆ, ಶಾಲು ಹೊದಿಸುತ್ತಾರೆ. ಮೂರನೇ ತಿಂಗಳಿಗೆ ಬಾಗಿಲಿಗೆ ಬೀಗ ಬೀಳುತ್ತದೆ. ಏಕೆಂದು ಕೇಳಿದರೆ ‘ಜನರಿಗೆ ಆಸಕ್ತಿ ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಶಿಕ್ಷಕನಾಗಿ, ಆಮೇಲೆ ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿ ನಾನು ಕಂಡದ್ದು ಬೇರೆ. ಇಂಥ ಪ್ರಯತ್ನಗಳು ಕೆಟ್ಟದ್ದು ಹೆಚ್ಚಾಗಿ ಬೀಗದ ಕೈ, ಪೊರಕೆ ಮತ್ತು ಶೌಚಾಲಯದ ವಿಷಯದಲ್ಲಿ. ಯಾವ ಸೇವೆ ತರಬೇಕೆಂದು ಸಭೆಗಳ ಮೇಲೆ ಸಭೆ ನಡೆಸುವವರು, ರಾತ್ರಿ ಎಂಟಕ್ಕೆ ಬಾಗಿಲು ಹಾಕುವವರು ಯಾರು ಎಂದು ಒಮ್ಮೆಯೂ ಕೇಳಿರುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಂತಗಳ ಕ್ರಮವೇ ಮುಖ್ಯ. ಐದನೇ ಹಂತವನ್ನು ಮೊದಲು ಮಾಡಿದರೆ ಆಗುವುದು ನಷ್ಟವೇ.

ಎಲ್ಲ ಹಂತಗಳಿಗೂ ಒಂದೇ ಪರೀಕ್ಷೆಯಿದೆ: ಮರುದಿನ ಬೆಳಗ್ಗೆ ಮಕ್ಕಳು ಒಳಗೆ ಕಾಲಿಟ್ಟಾಗ ನಿನ್ನೆ ಸಂಜೆಯ ಗುರುತು ಎಲ್ಲಿಯೂ ಕಾಣಬಾರದು.

ಮೊದಲೇ ಜೋಡಿಸಿಕೊಳ್ಳಬೇಕಾದ ಸಾಮಾನು

ದಪ್ಪ ರಟ್ಟಿನ ಎರಡು ನೋಂದಣಿ ಪುಸ್ತಕಗಳು, ಹೊಸ ಬೀಗಗಳು (ಶಾಲೆಯ ಹಳೆಯ ಬೀಗಗಳನ್ನು ಬಳಸಬೇಡಿ, ಅವುಗಳ ಕೈಗಳು ಎಷ್ಟು ಮನೆಗಳಲ್ಲಿವೆಯೋ ಯಾರಿಗೂ ಗೊತ್ತಿರುವುದಿಲ್ಲ), ಬೀಗ ಹಾಕಬಹುದಾದ ಒಂದು ಕಬ್ಬಿಣದ ಕಪಾಟು, ಉಪಮೀಟರ್ (ಸಂಜೆಯ ವಿದ್ಯುತ್ ಬಳಕೆಯನ್ನು ಬೇರೆಯಾಗಿ ಅಳೆಯಲು), ದೊಡ್ಡವರು ಕೂರಬಹುದಾದ ಕುರ್ಚಿಗಳು, ಪ್ರತ್ಯೇಕ ಪೊರಕೆ ಮತ್ತು ಬಕೆಟ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಕುರ್ಚಿಯ ವಿಷಯವನ್ನು ಹಗುರವಾಗಿ ನೋಡಬೇಡಿ. ಎರಡನೇ ತರಗತಿಯ ಬೆಂಚಿನ ಮೇಲೆ ಅರವತ್ತರ ಅಜ್ಜಿ ಒಂದು ಸಲ ಕೂರುತ್ತಾರೆ, ಎರಡನೇ ಸಲ ಬರುವುದಿಲ್ಲ.

## ಹಂತ 1: ಕೊಠಡಿಗಿಂತ ಮೊದಲು ಗಂಟೆ ಎಣಿಸಿ

‘ನಮ್ಮ ಶಾಲೆಯಲ್ಲಿ ಮೂರು ಕೊಠಡಿ ಖಾಲಿ ಇವೆ’ ಎಂದು ಶುರು ಮಾಡುವುದು ಮೊದಲ ತಪ್ಪು. ಖಾಲಿ ಕೊಠಡಿ ಇದ್ದರೂ ಹಗಲಿನಲ್ಲಿ ಆ ಆವರಣ ಮಕ್ಕಳದ್ದು. ನಿಮಗೆ ಸಿಗುವುದು ಸಮಯ: ವಾರದ ದಿನಗಳಲ್ಲಿ ಸಂಜೆ ಐದರಿಂದ ಎಂಟು, ಬೆಳಗಿನ ಶಾಲೆ ಮುಗಿದ ಮೇಲೆ ಶನಿವಾರದ ಮಧ್ಯಾಹ್ನ, ಭಾನುವಾರ, ದಸರಾ ರಜೆ ಮತ್ತು ಬೇಸಿಗೆ ರಜೆ. ಇವುಗಳಲ್ಲಿ ಶನಿವಾರದ ಮಧ್ಯಾಹ್ನ ಚಿನ್ನದಂಥದ್ದು. ಬೆಳಕಿರುತ್ತದೆ, ಹೆಂಗಸರು ಬರಲು ಹಿಂಜರಿಯುವುದಿಲ್ಲ, ಭಾನುವಾರ ಗುಡಿಸಿ ಒರೆಸಲು ಇಡೀ ದಿನ ಉಳಿದಿರುತ್ತದೆ.

ಒಂದು ಹಾಳೆಯಲ್ಲಿ ಇಡೀ ವರ್ಷದ ಪಟ್ಟಿ ಮಾಡಿ. ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರವಾಗುವ ದಿನಗಳು, ಮತಗಟ್ಟೆಯಾಗುವ ದಿನಗಳು, ಪಲ್ಸ್ ಪೋಲಿಯೊ, ಪ್ರತಿಭಾ ಕಾರಂಜಿ, ಶಿಕ್ಷಕರ ತರಬೇತಿ ಎಲ್ಲವನ್ನೂ ಹೊಡೆದುಹಾಕಿ. ಉಳಿದದ್ದೇ ನಿಮ್ಮ ಬಂಡವಾಳ.

ಆಮೇಲೆ ಕೊಠಡಿ. ನಾಲ್ಕು ಜಾಗಗಳನ್ನು ಮುಟ್ಟಲೇಬೇಡಿ: ಮುಖ್ಯಶಿಕ್ಷಕರ ಕೊಠಡಿ, ದಾಖಲೆಗಳಿರುವ ಕೊಠಡಿ, ಗಣಕಯಂತ್ರದ ಕೊಠಡಿ, ಅಕ್ಷರ ದಾಸೋಹದ ಅಡುಗೆಮನೆ ಮತ್ತು ಅದರ ಉಗ್ರಾಣ. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಸಂಜೆಯ ಹೊಲಿಗೆ ತರಬೇತಿಯವರು ಚಹಾ ಮಾಡಿಕೊಳ್ಳಲು ಬಿಸಿಯೂಟದ ಗ್ಯಾಸ್ ಬಳಸಿದರು. ಎಷ್ಟು ದಿನ ಬಳಸಿದರೋ ತಿಳಿಯದು. ಒಂದು ಮಂಗಳವಾರ ಅನ್ನ ಅರ್ಧ ಬೆಂದಾಗ ಸಿಲಿಂಡರ್ ಮುಗಿಯಿತು. ಹಸಿದ ಮಕ್ಕಳನ್ನು ನೋಡಿದ ಪೋಷಕರು ಅದೇ ಸಂಜೆ ತರಬೇತಿಯನ್ನು ನಿಲ್ಲಿಸಿದರು. ಅವರು ಮಾಡಿದ್ದು ಸರಿ.

ಖಾಲಿ ಕೊಠಡಿ ಏಕೆ ಖಾಲಿಯಾಗಿದೆ ಎಂದೂ ಕೇಳಿ. ಮಕ್ಕಳ ಸಂಖ್ಯೆ ಇಳಿದು ಖಾಲಿಯಾಗಿದ್ದರೆ ತೊಂದರೆಯಿಲ್ಲ. ಮಾಡು ಸೋರಿ, ತೊಲೆ ಬಾಗಿ, ಶಿಕ್ಷಕರೇ ಬಿಟ್ಟಿದ್ದರೆ ಎಂಜಿನಿಯರ್ ಬಂದು ನೋಡಿ ಬರೆದುಕೊಡುವವರೆಗೆ ಒಳಗೆ ಯಾರನ್ನೂ ಕೂರಿಸಬೇಡಿ. ಮಕ್ಕಳಿಗೆ ಅಪಾಯವಾದ ಮಾಡು ದೊಡ್ಡವರನ್ನು ನೋಡಿ ಗಟ್ಟಿಯಾಗುವುದಿಲ್ಲ.

## ಹಂತ 2: ಏನು ಬೇಕೆಂದು ಕೇಳಬೇಡಿ, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿ

‘ಊರಿಗೆ ಏನು ಬೇಕು?’ ಎಂದು ಗ್ರಾಮಸಭೆಯಲ್ಲಿ ಕೇಳಿದರೆ ಸಮುದಾಯ ಭವನ ಎನ್ನುತ್ತಾರೆ. ಬದಲಾಗಿ ಎರಡು ವಾರ ಪುಸ್ತಕ ಹಿಡಿದು ಬೆಳಗಿನ ಹಾಲಿನ ಡೇರಿಯ ಮುಂದೆ ನಿಲ್ಲಿ. ‘ಹೋದ ತಿಂಗಳು ಯಾವ ಕೆಲಸಕ್ಕೆ ಬಸ್ ಹತ್ತಿದಿರಿ? ಎಷ್ಟು ಸಲ? ಅರ್ಧ ದಿನದ ಕೂಲಿ ಹೋಯಿತೇ?’ ಇಷ್ಟೇ ಪ್ರಶ್ನೆ. ರಕ್ತದೊತ್ತಡ ಅಳೆಸಲು, ಪಿಂಚಣಿ ಅರ್ಜಿ ತುಂಬಿಸಲು, ಪಹಣಿ ತಿದ್ದುಪಡಿ ವಿಚಾರಿಸಲು, ಮಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ತರಲು ಹೋಗಿದ್ದೆವು ಎಂಬ ಉತ್ತರಗಳು ಬರುತ್ತವೆ. ಹೆಚ್ಚು ಸಲ ಬಂದ ಎರಡನ್ನು ಮಾತ್ರ ಆರಿಸಿ.

ಆವರಣಕ್ಕೆ ಹೊಂದುವಂಥವು ಹೀಗಿವೆ: ವಾಚನಾಲಯ, ವಯಸ್ಕರ ಸಾಕ್ಷರತಾ ತರಗತಿ, 30 ವರ್ಷ ದಾಟಿದವರ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆ, ಸ್ವಸಹಾಯ ಸಂಘಗಳ ಸಭೆ, ತಿಂಗಳಿಗೊಮ್ಮೆ ಅರ್ಜಿ ತುಂಬಿಸುವ ದಿನ. ಪಡಿತರ ಅಂಗಡಿ, ಮದುವೆ ಊಟ, ಪಕ್ಷದ ಸಭೆ, ಜಾತಿ ಸಂಘದ ಸಭೆ, ಜಾನುವಾರು ಚಿಕಿತ್ಸಾ ಶಿಬಿರ ಬೇಡ. ಕೊನೆಯದು ಒಳ್ಳೆಯ ಕೆಲಸವೇ, ಆದರೆ ಸಗಣಿ ಬಿದ್ದ ಮೈದಾನದಲ್ಲಿ ಮರುದಿನ ಮಕ್ಕಳು ಪ್ರಾರ್ಥನೆಗೆ ನಿಲ್ಲಬೇಕು.

## ಹಂತ 3: ಕಾಗದಪತ್ರ, ಇದೇ ಅನುಕ್ರಮದಲ್ಲಿ

ಮೊದಲು ಜಾಗದ ದಾಖಲೆ. ಅನೇಕ ಶಾಲೆಗಳು ದಾನಿಗಳು ಬಾಯಿಮಾತಿನಲ್ಲಿ ಕೊಟ್ಟ ನೆಲದಲ್ಲಿ ನಿಂತಿವೆ. ದಾನಪತ್ರ ನೋಂದಣಿಯಾಗಿಲ್ಲದಿದ್ದರೆ, ಶಾಲೆಯಲ್ಲಿ ಬೇರೆ ಚಟುವಟಿಕೆ ಶುರುವಾದ ಕೂಡಲೇ ದಾನಿಯ ಮೊಮ್ಮಕ್ಕಳಿಗೆ ಆ ನೆಲದ ನೆನಪಾಗುತ್ತದೆ. ಪಹಣಿ ಅಥವಾ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ಯಾರ ಹೆಸರಿದೆ ಎಂದು ನೋಡಿ. ತಕರಾರಿದ್ದರೆ ಅದು ತೀರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಎರಡನೆಯದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ನಿರ್ಣಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಅಧ್ಯಕ್ಷರ ಸಹಿ ತಂದರೆ ಸಾಲದು. ತಾಯಂದಿರು ಕುಳಿತ ಸಭೆಯಲ್ಲಿಯೇ ವಿಷಯ ಚರ್ಚೆಯಾಗಲಿ. ಸಂಜೆ ಹೊತ್ತು ಯಾರು ಶಾಲೆಯ ಹತ್ತಿರ ಸುಳಿದಾಡುತ್ತಾರೆ ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಮೂರನೆಯದು ಗ್ರಾಮ ಪಂಚಾಯಿತಿಯ ನಿರ್ಣಯ, ನಾಲ್ಕನೆಯದು ಕ್ಷೇತ್ರ ಶಿಕ್ಷಣಾಧಿಕಾರಿಯ ಲಿಖಿತ ಅನುಮತಿ. ಈ ಕ್ರಮವನ್ನು ತಿರುಗಿಸಿದರೆ, ಅಂದರೆ ಮೇಲಿನಿಂದ ಆದೇಶ ತಂದು ಕೊನೆಗೆ ಪೋಷಕರಿಗೆ ತಿಳಿಸಿದರೆ, ‘ನಮ್ಮ ಶಾಲೆಯನ್ನು ಪಂಚಾಯಿತಿ ಕಿತ್ತುಕೊಂಡಿತು’ ಎಂಬ ಮಾತು ಹುಟ್ಟುತ್ತದೆ. ಅದು ಒಮ್ಮೆ ಹುಟ್ಟಿದರೆ ಸಾಯುವುದಿಲ್ಲ.

ಬಾಯಿಮಾತಿನ ಅನುಮತಿ ಸಾಕೆಂದುಕೊಳ್ಳಬೇಡಿ. ಸರ್ಕಾರಿ ಶಾಲೆಯ ಆವರಣ ಮತ್ತು ಮೈದಾನವನ್ನು ಶೈಕ್ಷಣಿಕ ಉದ್ದೇಶಕ್ಕಷ್ಟೇ ಬಳಸಬೇಕು ಎಂದು ಹೇಳುವ ಶಿಕ್ಷಣ ಇಲಾಖೆಯ 2013ರ ಸುತ್ತೋಲೆಯಿದೆ. ಖಾಸಗಿ ಸಂಘಟನೆಗಳು ಸರ್ಕಾರಿ ಜಾಗ ಬಳಸಲು ಪೂರ್ವಾನುಮತಿ ಕಡ್ಡಾಯ ಮಾಡಿದ 2025ರ ಅಕ್ಟೋಬರ್‌ನ ಸರ್ಕಾರಿ ಆದೇಶ ಹೈಕೋರ್ಟಿನ ಮೆಟ್ಟಿಲೇರಿ, ಅದೇ ತಿಂಗಳು ಧಾರವಾಡ ಪೀಠದಿಂದ ತಡೆ ಬಂತು. ಇಷ್ಟು ಬಿಸಿಯಾಗಿರುವ ವಿಷಯದಲ್ಲಿ ಮುಖ್ಯಶಿಕ್ಷಕರು ಹೆದರುವುದು ಸಹಜ. ಅವರ ಕೈಗೆ ಒಂದು ಕಾಗದ ಕೊಡುವುದು ನಿಮ್ಮ ಕರ್ತವ್ಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಿಡುವಿನ ವೇಳೆಯಲ್ಲಿ ಶಾಲೆಯನ್ನು ‘ಸಾಮಾಜಿಕ ಚೇತನಾ ಕೇಂದ್ರ’ವಾಗಿ ಬಳಸಬಹುದು ಎನ್ನುತ್ತದೆ ನಿಜ. ಆದರೆ ನೀತಿಯ ಸಾಲನ್ನು ಅರ್ಜಿಯಲ್ಲಿ ಬರೆದು ಗೆದ್ದವರನ್ನು ನಾನು ಕಂಡಿಲ್ಲ. ಯಾವ ಕೊಠಡಿ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಯಾರು ಹೊಣೆ ಎಂಬ ನಾಲ್ಕು ಸಾಲುಗಳಿಗೆ ಅನುಮತಿ ಬೇಗ ಸಿಗುತ್ತದೆ.

## ಹಂತ 4: ಬೀಗದ ಕೈ

ಹೊಣೆ ಶಿಕ್ಷಕರದ್ದಲ್ಲ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹೇಳುತ್ತದೆ. ಕಾನೂನು ಬದಿಗಿಟ್ಟರೂ, ದಿನವಿಡೀ ಪಾಠ ಮಾಡಿ ಇಪ್ಪತ್ತು ಕಿಲೊಮೀಟರ್ ದೂರದ ಮನೆಗೆ ಹೋಗಬೇಕಾದ ಶಿಕ್ಷಕಿಯನ್ನು ರಾತ್ರಿ ಎಂಟರವರೆಗೆ ಕಾಯಿಸುವ ಯೋಜನೆ ಎಷ್ಟು ದಿನ ಬಾಳುತ್ತದೆ?

ಊರಿನಲ್ಲೇ ಇರುವ ಇಬ್ಬರನ್ನು ಗೊತ್ತುಮಾಡಿ. ಒಬ್ಬರು ಮುಖ್ಯ, ಇನ್ನೊಬ್ಬರು ಅವರ ಬದಲಿ. ಒಬ್ಬರಾದರೂ ಮಹಿಳೆಯಾಗಿರಲಿ. ಶಾಲೆಯಿಂದ ಐದು ನಿಮಿಷದ ನಡಿಗೆಯಲ್ಲಿ ಮನೆ ಇರಲಿ. ತಿಂಗಳಿಗೆ ಸಣ್ಣ ಗೌರವಧನವನ್ನಾದರೂ ಕೊಡಿ. ಪುಕ್ಕಟೆ ಉತ್ಸಾಹ ಶ್ರಾವಣದವರೆಗೆ ಇದ್ದು, ಹೊಲದ ಕೆಲಸ ಹೆಚ್ಚಾದಾಗ ಕರಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ.

ಕೈಗಳು ಮೂರೇ ಇರಲಿ: ಒಂದು ಹೊಣೆಗಾರರಿಗೆ, ಒಂದು ಬದಲಿಯವರಿಗೆ, ಒಂದು ಮುಖ್ಯಶಿಕ್ಷಕರ ಕಪಾಟಿನಲ್ಲಿ ಮೊಹರು ಮಾಡಿದ ಲಕೋಟೆಯೊಳಗೆ. ಆ ಕೈ ಗೇಟಿಗೆ ಮತ್ತು ನಿಮ್ಮ ಒಂದು ಕೊಠಡಿಗೆ ಮಾತ್ರ ಸಲ್ಲಬೇಕು. ಎಲ್ಲ ಕೊಠಡಿಗಳ ಗೊಂಚಲನ್ನು ಯಾರು ಪ್ರೀತಿಯಿಂದ ಕೊಟ್ಟರೂ ತೆಗೆದುಕೊಳ್ಳಬೇಡಿ. ನಾಳೆ ಒಂದು ಬಲ್ಬು ಕಾಣೆಯಾದರೂ ಹೆಸರು ನಿಮ್ಮದೇ.

ನೋಂದಣಿ ಪುಸ್ತಕದಲ್ಲಿ ದಿನಕ್ಕೆ ಎರಡು ಸಾಲು. ತೆರೆದ ಹೊತ್ತು, ಆಗ ಕಂಡ ಸ್ಥಿತಿ, ಸಹಿ. ಮುಚ್ಚಿದ ಹೊತ್ತು, ಆಗಿನ ಸ್ಥಿತಿ, ಸಹಿ. ಮುಚ್ಚುವ ಮುನ್ನ ಕೊಠಡಿಯ ಒಂದು ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಿ. ಬೆಳಗ್ಗೆ ‘ಕಿಟಕಿ ಮುರಿದಿದೆ’ ಎಂಬ ದೂರು ಬಂದಾಗ ಜಗಳವಿಲ್ಲದೆ ಬಗೆಹರಿಯುತ್ತದೆ.

ಕಪ್ಪು ಹಲಗೆಯನ್ನು ಮುಟ್ಟಬೇಡಿ. ನಾಳೆಯ ಪಾಠಕ್ಕೆಂದು ಶಿಕ್ಷಕರು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿಟ್ಟ ಹೃದಯದ ಚಿತ್ರವನ್ನು ಸಾಕ್ಷರತಾ ತರಗತಿಯವರು ಒರೆಸಿದ್ದನ್ನು ಕಂಡಿದ್ದೇನೆ. ಆ ಶಿಕ್ಷಕರು ಆಮೇಲೆ ಸಂಜೆಯ ಕೇಂದ್ರದ ಪರವಾಗಿ ಒಂದು ಮಾತೂ ಆಡಲಿಲ್ಲ. ಕಾಲು ಇರುವ ಬೇರೆ ಹಲಗೆಯೊಂದನ್ನು ತಂದಿಟ್ಟುಕೊಳ್ಳಿ.

## ಹಂತ 5: ಶೌಚಾಲಯ, ನೀರು, ಬೆಳಕು

ಮಕ್ಕಳ ಶೌಚಾಲಯಗಳನ್ನು ದೊಡ್ಡವರು ಬಳಸಬಾರದು. ಪಂಚಾಯಿತಿಯಿಂದ ಗೇಟಿನ ಹತ್ತಿರ ಗಂಡಸರಿಗೊಂದು, ಹೆಂಗಸರಿಗೊಂದು ಪ್ರತ್ಯೇಕ ಶೌಚಾಲಯ ಕಟ್ಟಿಸಿಕೊಳ್ಳುವವರೆಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ನಡೆಯುವ ಸೇವೆಯನ್ನು ಆರಂಭಿಸಬೇಡಿ. ಕಟ್ಟಿಸಿದರೆ ಸಾಲದು, ತೊಳೆಯುವವರ ಸಂಬಳವನ್ನೂ ಗೊತ್ತುಮಾಡಿ. ಶಾಲೆಯನ್ನು ಗುಡಿಸುವವರ ಮೇಲೆಯೇ ಈ ಕೆಲಸ ಹೇರಿದರೆ ಅವರು ಮಾಡುವುದಿಲ್ಲ. ಕೊನೆಗೆ ಪೊರಕೆ ಮಕ್ಕಳ ಕೈಗೆ ಬರುತ್ತದೆ. ಆ ದಿನ ಕೇಂದ್ರ ಮುಚ್ಚಿಬಿಡಿ.

ನೀರಿನ ತೊಟ್ಟಿ ಬೆಳಗ್ಗೆ ಬಿಸಿಯೂಟಕ್ಕೆ ತುಂಬಿರಬೇಕು. ಸಂಜೆ ಬಳಸಿದಷ್ಟನ್ನು ತುಂಬಿಸಿಯೇ ಬೀಗ ಹಾಕುವ ನಿಯಮ ಮಾಡಿ.

ವಿದ್ಯುತ್ತಿನ ಲೆಕ್ಕ ಬಹಳ ಸಣ್ಣದು, ಜಗಳ ಮಾತ್ರ ದೊಡ್ಡದು. 20 ವ್ಯಾಟಿನ ನಾಲ್ಕು ಎಲ್‌ಇಡಿ ದೀಪ, 75 ವ್ಯಾಟಿನ ಮೂರು ಫ್ಯಾನು, ದಿನಕ್ಕೆ ಮೂರು ಗಂಟೆ, ತಿಂಗಳಿಗೆ 25 ದಿನ ಎಂದರೂ ಸುಮಾರು 23 ಯೂನಿಟ್ ಆಗುತ್ತದೆ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಕೊಡುವುದಾಗಿ 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿಗಳು ಘೋಷಿಸಿದರು. ಆ ಸೌಲಭ್ಯ ಶಾಲೆಗೆ, ನಿಮಗಲ್ಲ. ಉಪಮೀಟರ್ ಹಾಕಿಸಿ, ಸಂಜೆಯ ಬಳಕೆಯನ್ನು ಪ್ರತ್ಯೇಕವಾಗಿ ಬರೆದಿಡಿ.

ಗೇಟಿನಿಂದ ಕೊಠಡಿಯವರೆಗೆ ದೀಪ ಬೇಕು, ಇಳಿಜಾರು ದಾರಿ ಬೇಕು. ಧ್ವನಿವರ್ಧಕ ಬೇಡವೇ ಬೇಡ.

## ಹಂತ 6: ಮಕ್ಕಳ ಸುರಕ್ಷತೆ

ಇದರಲ್ಲಿ ರಾಜಿಯಿಲ್ಲ, ಆದ್ದರಿಂದ ನೇರವಾಗಿ ಹೇಳುತ್ತೇನೆ. ಶಾಲೆಯ ಹೊತ್ತಿನಲ್ಲಿ ಹೊರಗಿನವರು ಒಳಗೆ ಬರಬಾರದು. ಆರೋಗ್ಯ ತಪಾಸಣೆಯಂಥದ್ದನ್ನು ಹಗಲಿನಲ್ಲೇ ಮಾಡಬೇಕಾದರೆ ಪ್ರತ್ಯೇಕ ಗೇಟಿರುವ ಕೊಠಡಿಯಲ್ಲಿ ಮಾತ್ರ. ಸಂಜೆಯ ವಾಚನಾಲಯಕ್ಕೆ ಮಕ್ಕಳೂ ಬರುತ್ತಾರೆ. ಆಗ ಕೊಠಡಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಬಾಗಿಲು ಮತ್ತು ಕಿಟಕಿ ತೆರೆದಿರಬೇಕು. ಕತ್ತಲಾಗುವ ಮೊದಲೇ ಮಕ್ಕಳನ್ನು ಕಳುಹಿಸಿ.

ಗೋಡೆಯ ಮೇಲೆ 1098 ಸಹಾಯವಾಣಿಯ ಸಂಖ್ಯೆಯನ್ನು ಮಕ್ಕಳ ಕಣ್ಣಿನ ಎತ್ತರದಲ್ಲಿ ಬರೆಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ‘ಊರಿನ ಮರ್ಯಾದೆ’ಯ ಹೆಸರಿನಲ್ಲಿ ಪಂಚಾಯಿತಿ ಕಟ್ಟೆಯಲ್ಲಿ ತೀರ್ಮಾನಿಸುವುದು ಅಪರಾಧ. ಹೊಣೆಗಾರರಿಬ್ಬರಿಗೂ ಇದನ್ನು ಓದಿ ಹೇಳಿ ಸಹಿ ಪಡೆಯಿರಿ.

ತಂಬಾಕು ಜಗಿದು ಬರುವವರನ್ನು ಗೇಟಿನಲ್ಲೇ ನಿಲ್ಲಿಸಿ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವುದನ್ನೇ ಕಾನೂನು ನಿಷೇಧಿಸಿದೆ. ಒಳಗೆ ಉಗುಳಿದ ಕೆಂಪು ಕಲೆಯೊಂದಿದ್ದರೆ ನಿಮ್ಮ ಎಲ್ಲ ನಿರ್ಣಯಗಳೂ ವ್ಯರ್ಥ.

ರಕ್ತ ಪರೀಕ್ಷೆಯ ಸೂಜಿಗಳು ಇನ್ನೊಂದು ಅಪಾಯ. ತಂದ ಸೂಜಿಗಳನ್ನೂ ಹತ್ತಿಯನ್ನೂ ಆರೋಗ್ಯ ಸಿಬ್ಬಂದಿ ತಮ್ಮ ಪೆಟ್ಟಿಗೆಯಲ್ಲೇ ವಾಪಸು ಒಯ್ಯಬೇಕು. ಶಾಲೆಯ ಕಸದ ಗುಂಡಿಗೆ ಒಂದೂ ಬೀಳಬಾರದು. ಎಣಿಸಿ ಬರೆದುಕೊಳ್ಳಿ.

## ಹಂತ 7: ಒಂದು ತಿಂಗಳ ಪ್ರಯೋಗ, ಉದ್ಘಾಟನೆಯಿಲ್ಲದೆ

ಒಂದೇ ಸೇವೆ, ವಾರಕ್ಕೆ ಮೂರು ದಿನ. ವಾಚನಾಲಯದಿಂದ ಆರಂಭಿಸುವುದು ಸುಲಭ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಕೆಳಗಿನ ಅರಿವು ಕೇಂದ್ರಗಳು. ಪಂಚಾಯಿತಿ ಕೇಂದ್ರದಿಂದ ದೂರವಿರುವ ಹಳ್ಳಿಯಾದರೆ ಅಲ್ಲಿನ ಮೇಲ್ವಿಚಾರಕರ ಜೊತೆ ಮಾತಾಡಿ, ಎರಡು ವಾರಕ್ಕೊಮ್ಮೆ ಬದಲಾಗುವ ಒಂದು ಪೆಟ್ಟಿಗೆ ಪುಸ್ತಕಗಳನ್ನು ಕೇಳಿ. ದಿನಪತ್ರಿಕೆ ಎರಡಿರಲಿ.

ಎರಡನೇ ತಿಂಗಳಿಗೆ ಸಾಕ್ಷರತಾ ತರಗತಿ ಸೇರಿಸಬಹುದು. 15 ವರ್ಷ ಮೇಲ್ಪಟ್ಟ ಅನಕ್ಷರಸ್ಥರಿಗಾಗಿ 2022ರಿಂದ 2027ರವರೆಗೆ ರೂಪಿಸಿದ ಉಲ್ಲಾಸ್ ಕಾರ್ಯಕ್ರಮ ಶಾಲೆಯನ್ನೇ ಘಟಕವಾಗಿ ಇಟ್ಟುಕೊಂಡಿದೆ. ಕಲಿಸುವವರು ಸ್ವಯಂಸೇವಕರು. ಆರೋಗ್ಯ ತಪಾಸಣೆಯ ದಿನವನ್ನು ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ಮತ್ತು ಆಶಾ ಕಾರ್ಯಕರ್ತೆಯ ಅನುಕೂಲ ನೋಡಿ ಗೊತ್ತುಮಾಡಿ. ಅವರ ವರದಿಯ ದಿನಗಳಲ್ಲಿ ಕರೆದರೆ ಬರುವುದಿಲ್ಲ.

ಉದ್ಘಾಟನೆ ಬೇಡ ಎನ್ನಲು ಕಾರಣವಿದೆ. ಕಲ್ಲಿನ ಮೇಲೆ ಹೆಸರು ಕೆತ್ತಿಸಿದರೆ ಹೆಸರಿಲ್ಲದವರು ದೂರ ಉಳಿಯುತ್ತಾರೆ. ಚುನಾವಣೆ ಘೋಷಣೆಯಾದಾಗ ಆ ಫಲಕದ ಮೇಲೆ ಕಾಗದ ಅಂಟಿಸುವ ಪಾಡೂ ನಿಮ್ಮದೇ. ಫಲಕದಲ್ಲಿ ಸಮಯ ಮತ್ತು ದಿನ ಬರೆಸಿ, ಸಾಕು.

ತಿಂಗಳ ಕೊನೆಯಲ್ಲಿ ಮೂರು ಅಂಕಿ ನೋಡಿ: ಹೇಳಿದ ಹೊತ್ತಿಗೆ ಬಾಗಿಲು ತೆರೆದ ದಿನಗಳೆಷ್ಟು, ಸರಾಸರಿ ಎಷ್ಟು ಜನ ಬಂದರು, ಬೆಳಗ್ಗೆ ಶಿಕ್ಷಕರು ದೂರಿದ ದಿನಗಳೆಷ್ಟು. ಮೊದಲನೆಯದು ಸರಿಯಿದ್ದರೆ ಎರಡನೆಯದು ನಿಧಾನವಾಗಿ ಏರುತ್ತದೆ. ಮೂರನೆಯದು ಸೊನ್ನೆಯಾಗುವವರೆಗೆ ಎರಡನೇ ಸೇವೆ ಬೇಡ.

## ಹಂತ 8: ಹಣ

ಶಾಲೆಯ ಅನುದಾನ ಬರುವ ಖಾತೆಗೆ ಸಂಜೆಯ ಕೇಂದ್ರದ ಒಂದು ರೂಪಾಯಿಯೂ ಸೇರಬಾರದು, ಅಲ್ಲಿಂದ ಹೊರಡಲೂ ಬಾರದು. ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬೀಳುವವರು ಮುಖ್ಯಶಿಕ್ಷಕರು. ಖರ್ಚನ್ನು ಪಂಚಾಯಿತಿಯ ಮೂಲಕವೇ ಮಾಡಿಸಿ. ದಾನ ಬಂದರೆ ವಸ್ತುವಾಗಿ ಪಡೆದು ದಾಸ್ತಾನು ಪುಸ್ತಕದಲ್ಲಿ ಬರೆಯಿರಿ. ರಸೀದಿಯಿಲ್ಲದ ಐದು ರೂಪಾಯಿಯೂ ಬೇಡ.

## ಎಚ್ಚರಿಕೆಯ ಗಂಟೆಗಳು

ಹೊಣೆಗಾರರ ಬದಲು ಅವರ ಮಗ ಬಾಗಿಲು ತೆರೆಯಲು ಬರುತ್ತಿದ್ದರೆ ಗೌರವಧನ ತಡವಾಗಿದೆ ಎಂದು ತಿಳಿಯಿರಿ. ನೋಂದಣಿ ಪುಸ್ತಕದಲ್ಲಿ ಒಂದೇ ಶಾಯಿಯಲ್ಲಿ ಹತ್ತು ದಿನದ ಸಹಿಗಳು ಕಂಡರೆ ಆ ಪುಸ್ತಕ ಸುಳ್ಳು ಹೇಳುತ್ತಿದೆ. ಹೆಂಗಸರು ಬರುವುದು ನಿಂತು ಹುಡುಗರ ಗುಂಪು ಉಳಿದರೆ, ಅದೇ ವಾರ ಸಮಿತಿಯ ತಾಯಂದಿರನ್ನು ಒಬ್ಬೊಬ್ಬರಾಗಿ ಕೇಳಿ. ಸಭೆಯಲ್ಲಿ ಅವರು ಕಾರಣ ಹೇಳುವುದಿಲ್ಲ. ‘ಇವತ್ತೊಂದು ದಿನ ನಾಮಕರಣಕ್ಕೆ ಕೊಠಡಿ ಕೊಡಿ’ ಎಂಬ ಮೊದಲ ಕೋರಿಕೆಗೆ ಒಪ್ಪಿದರೆ ಮುಂದಿನದನ್ನು ನಿರಾಕರಿಸಲು ಬಾಯಿರುವುದಿಲ್ಲ. ಕೇಳುವವರು ಬಹುಪಾಲು ಪಂಚಾಯಿತಿ ಸದಸ್ಯರ ನೆಂಟರೇ ಆಗಿರುತ್ತಾರೆ. ಅದಕ್ಕಾಗಿಯೇ ನಿರ್ಣಯದಲ್ಲಿ ‘ಖಾಸಗಿ ಸಮಾರಂಭಕ್ಕೆ ಇಲ್ಲ’ ಎಂಬ ಸಾಲು ಇರಬೇಕು. ನೀವು ಬೇಡ ಎನ್ನಬೇಕಾಗಿಲ್ಲ, ಪುಸ್ತಕ ತೆರೆದು ತೋರಿಸಿದರಾಯಿತು.

## ಹಂತ 9: ಮುಖ್ಯಶಿಕ್ಷಕರ ವರ್ಗಾವಣೆ

ಚೆನ್ನಾಗಿ ನಡೆಯುತ್ತಿದ್ದ ಕೇಂದ್ರಗಳೂ ಇಲ್ಲಿ ಮುರಿದುಬೀಳುತ್ತವೆ. ಹೊಸಬರು ಬಂದ ದಿನ ಅವರಿಗೆ ಕಾಣುವುದು ಇಷ್ಟೇ: ಗುರುತಿಲ್ಲದ ಯಾರದೋ ಕೈಯಲ್ಲಿ ತಮ್ಮ ಶಾಲೆಯ ಬೀಗದ ಕೈ. ವರ್ಗಾವಣೆಯ ಸುದ್ದಿ ಬಂದ ಕೂಡಲೇ ಹಳಬರಿಂದ ಒಂದು ಪುಟದ ಟಿಪ್ಪಣಿ ಬರೆಸಿಕೊಳ್ಳಿ. ಅನುಮತಿ ಪತ್ರ, ಎರಡೂ ನಿರ್ಣಯಗಳ ನಕಲು, ಹಿಂದಿನ ಮೂರು ತಿಂಗಳ ನೋಂದಣಿ ಪುಸ್ತಕವನ್ನು ಒಂದು ಕಡತದಲ್ಲಿಡಿ. ಹೊಸಬರು ಅಧಿಕಾರ ವಹಿಸಿಕೊಂಡ ವಾರದಲ್ಲಿ ಮೂರೂ ಕೈಗಳನ್ನು ತಂದು ಅವರ ಮೇಜಿನ ಮೇಲಿಡಿ. ನಾಲ್ಕು ದಿನ ಕೇಂದ್ರ ಮುಚ್ಚಿದ್ದರೂ ಪರವಾಗಿಲ್ಲ. ಕಡತ ಓದಿ, ಒಂದು ಸಂಜೆ ತಾವೇ ಬಂದು ಕುಳಿತು ನೋಡಿ, ಅವರೇ ಎರಡು ಕೈಗಳನ್ನು ಹಿಂದಿರುಗಿಸಲಿ. ಮೂರನೆಯದನ್ನು ಹೊಸ ಲಕೋಟೆಯೊಳಗಿಟ್ಟು ಅವರ ಎದುರೇ ಮೊಹರು ಮಾಡಿ.